ಅಂಟವ್ವನ ಉಪವಾಸ

ಆ ವರ್ಷ ಬೇಸಿಗೆಯಲ್ಲಿ ಎರೆಹೊಲ ಬಿರಿಯಲಿಲ್ಲ.

ನರಗುಂದ ಸೀಮೆಯ ಎರೆಮಣ್ಣನ್ನು ಕಂಡವರಿಗೆ ಇದೆಂಥ ಸುದ್ದಿ ಎಂದು ಬೇರೆ ಹೇಳಬೇಕಾಗಿಲ್ಲ. ಶಿವರಾತ್ರಿ ಕಳೆಯುತ್ತಲೇ ಮೊಳಕಾಲು ಇಳಿಯುವಷ್ಟು ಬಾಯಿ ಬಿಡುವ ನೆಲ ಅದು. ಕುರಿಮರಿ ಸಿಕ್ಕಿಬಿದ್ದರೆ ಎಳೆದು ತೆಗೆಯಬೇಕು, ಚಪ್ಪಲಿ ಬಿದ್ದರೆ ಅದರ ಆಸೆಯನ್ನೇ ಬಿಡಬೇಕು. ಅಂಥ ನೆಲ ವೈಶಾಖದ ಬಿಸಿಲಿನಲ್ಲೂ ಬಾಯಿ ಮುಚ್ಚಿಕೊಂಡು, ಮೈಮೇಲೆ ಸಣ್ಣ ಹೊಳಪು ಹಚ್ಚಿಕೊಂಡು, ಸಾರಿಸಿದ ಅಂಗಳದಂತೆ ಬಿದ್ದಿತ್ತು. ಹನ್ನೆರಡು ಊರಿನ ಜನ ಹೋಗಿ ನೋಡಿದರು, ಮುಟ್ಟಿದರು, ಬಂದು ಪೇಢೆ ಹಂಚಿದರು.

ಇದೆಲ್ಲ ಅಂಟವ್ವನ ಕರಾಮತ್ತು. ಅಂಟವ್ವ ಎಂದರೆ ಗುಡಿಯ ದೇವತೆಯಲ್ಲ, ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ. ಪ್ರಯೋಗಶಾಲೆಯವರು ಅಕ್ಷರ, ಅಂಕಿ, ಅಡ್ಡಗೆರೆ ಎಲ್ಲ ಕೂಡಿಸಿ ಅದಕ್ಕೊಂದು ಹೆಸರಿಟ್ಟಿದ್ದರು. ಆ ಹೆಸರು ಊರವರ ನಾಲಿಗೆಯ ಮೇಲೆ ಒಂದು ದಿನವೂ ನಿಲ್ಲಲಿಲ್ಲ. ಬೇರಿನ ಸುತ್ತ ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಬೆಳೆಗೆ ಉಣಿಸುವುದು, ಮಣ್ಣಿನಲ್ಲಿ ಕಲ್ಲಾಗಿ ಕೂತ ರಂಜಕವನ್ನು ಕರಗಿಸುವುದು, ಜೊತೆಗೆ ಜಿಗುಟಾದ ಅಂಟೊಂದನ್ನು ಬಿಟ್ಟು ಮಣ್ಣಿನ ಕಣಗಳ ನಡುವೆ ತೇವ ಹಿಡಿದಿಡುವುದು ಅದರ ಕಸುಬು. ಹನ್ನೆರಡು ಊರಿನವರು ಬದುಗಳನ್ನು ಕಿತ್ತು, ಹೊಲಗಳನ್ನು ಒಂದು ಮಾಡಿ, ‘ಕರಿನೆಲ ಒಕ್ಕೂಟ’ ಕಟ್ಟಿಕೊಂಡಿದ್ದರು. ಅಷ್ಟಗಲದ ನೆಲಕ್ಕೆ ಗೊಬ್ಬರ ಹೊತ್ತು ಹೊತ್ತು ಎಲ್ಲರಿಗೂ ಸಾಕಾಗಿತ್ತು. ಅಂಟವ್ವ ಬಂದಳು, ಗೊಬ್ಬರದ ಚೀಲ ಹೋಯಿತು. ಬದುವೇನೋ ಹೋಗಿತ್ತು, ಆದರೆ ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂಬ ಗೆರೆ ಒಕ್ಕೂಟದ ನಕ್ಷೆಯಲ್ಲೂ ಜನರ ಮನಸ್ಸಿನಲ್ಲೂ ಅಳಿಸದೆ ಉಳಿದಿತ್ತು.

ಇಂಥ ಜೀವಿಯನ್ನು ಹೊಲಕ್ಕೆ ಬಿಡುವಾಗ ಅದರ ಲಗಾಮು ಕೈಯಲ್ಲಿರಬೇಕಲ್ಲ. ಅದಕ್ಕೇ ವಿಜ್ಞಾನಿಗಳು ಅದನ್ನು ಹಾಲಿನ ಸಕ್ಕರೆಯಿಲ್ಲದೆ ಬದುಕಲಾರದಂತೆ ಮಾಡಿದ್ದರು. ಮಣ್ಣಿನಲ್ಲಿ ಏನು ಬೇಕಾದರೂ ಸಿಕ್ಕೀತು, ಹಾಲು ಸಿಗುವುದಿಲ್ಲ. ಡೈರಿಗಳಲ್ಲಿ ಪನೀರು ಮಾಡಿ ಉಳಿದ ತಿಳಿನೀರನ್ನು ತಂದು, ನೆಲದಡಿಯ ಕೊಳವೆಗಳಲ್ಲಿ ಹನಿ ಹನಿಯಾಗಿ ಬಿಟ್ಟರೆ ಅಂಟವ್ವ ಬದುಕುತ್ತಾಳೆ. ನಲ್ಲಿ ತಿರುವಿದರೆ ಹಸಿದು ಸಾಯುತ್ತಾಳೆ. ಇಷ್ಟು ಸುಲಭವಾದದ್ದು ಲೋಕದಲ್ಲಿ ಬೇರೊಂದಿಲ್ಲ ಎಂದು ಎಲ್ಲರೂ ನಂಬಿದ್ದರು. ಒಕ್ಕೂಟದ ಮಣ್ಣು ವಿಜ್ಞಾನಿ ನೀಲಾಂಬಿಕೆಯೂ ನಂಬಿದ್ದಳು.

ಮೂರನೆಯ ವರ್ಷದ ಹಿಂಗಾರಿಯಲ್ಲಿ ಅವಳ ನಂಬಿಕೆ ಅಲುಗಿತು.

ಒಕ್ಕೂಟದ ನಿಯಂತ್ರಣ ಕೊಠಡಿಗೆ ಜನ ‘ನಾಡಿಕೋಣೆ’ ಎನ್ನುತ್ತಿದ್ದರು. ಹೊಲದ ತುಂಬ ಹುಗಿದ ಕಡ್ಡಿಗಳು ಮಣ್ಣಿನ ತೇವ, ಬಿಸಿ, ಉಸಿರು ಎಲ್ಲವನ್ನೂ ಅಳೆದು ಅಲ್ಲಿಗೆ ಕಳಿಸುತ್ತಿದ್ದವು. ಗೋಡೆಯ ಪರದೆಯ ಮೇಲೆ ಹನ್ನೆರಡು ಊರಿನ ನೆಲ ಹಸಿರು ಕಂಬಳಿಯಂತೆ ಹಾಸಿಕೊಂಡಿರುತ್ತಿತ್ತು. ಒಂದು ಮುಂಜಾನೆ ಅದರ ತಗ್ಗಿನ ಅಂಚುಗಳು ಹಳದಿಯಾಗಿದ್ದವು.

“ಕಡ್ಡಿ ಕೆಟ್ಟಿರಬೇಕ್ರಿ ಅಕ್ಕಾರ,” ಎಂದ ದಾವಲಸಾಬ. ಯಂತ್ರಗಳನ್ನು ನಡೆಸುವವನು ಅವನು. ಹೊಲದ ಮೇಲೆ ಹಾರುವ ದೊಡ್ಡ ಡ್ರೋನುಗಳೂ ಅವನ ಸುಪರ್ದಿಯಲ್ಲೇ ಇದ್ದವು. ನೀಲಾಂಬಿಕೆಯೊಡನೆ ಕೆಲಸ ಮಾಡಿ ಮಾಡಿ, ಅವಳು ಹುಬ್ಬು ಗಂಟಿಕ್ಕಿದರೆ ಚಹಾ ತರಿಸಬೇಕೋ ಸುಮ್ಮನಿರಬೇಕೋ ಎಂಬುದು ಅವನಿಗೆ ಗೊತ್ತಾಗುತ್ತಿತ್ತು. ಅಂದು ಸುಮ್ಮನಾದ.

“ಇಷ್ಟೂ ಕಡ್ಡಿ ಕೂಡೇ ಕೆಡತಾವೇನೋ?” ಎನ್ನುತ್ತ ಅವಳು ಸಲಿಕೆ ತೆಗೆದುಕೊಂಡು ಹೊರಟಳು.

ಅಗೆದ ಕಡೆಯೆಲ್ಲ ಒಂದೇ ಕಥೆ. ಗೇಣುದ್ದದ ಜೋಳದ ಸಸಿ ಮೇಲೆ ಕಡುಹಸಿರಾಗಿ ನಗುತ್ತಿತ್ತು. ಕೆಳಗೆ ಬೇರು ಆಳಕ್ಕಿಳಿಯಲಾರದೆ ಅಡ್ಡ ತಿರುಗಿ, ಕಂದಿ, ಜೊಂಪೆಯಾಗಿತ್ತು. ಎರೆಹುಳುಗಳು ಸತ್ತು ಬಿಳಿಚಿಕೊಂಡಿದ್ದವು. ಹೆಂಟೆಯೊಡೆದು ಮೂಸಿದರೆ ಮಣ್ಣಿನ ವಾಸನೆಯಿಲ್ಲ, ದಿನಗಟ್ಟಲೆ ಮುಚ್ಚಿಟ್ಟ ಗಡಿಗೆಯ ಹಳಸಲು ವಾಸನೆ. ತಂಬಿಗೆಯ ನೀರು ಸುರುವಿದಳು. ನೀರು ಇಂಗಲಿಲ್ಲ. ಸಿಮೆಂಟಿನ ಮೇಲೆ ಸುರುವಿದ ಹಾಗೆ ನಿಂತು, ಅವಳ ಮುಖವನ್ನೇ ಅವಳಿಗೆ ತೋರಿಸಿತು.

ಅಂಟು ಹೆಚ್ಚಾಗಿತ್ತು. ನೆಲ ಬಾಯಿ ಮುಚ್ಚಿಕೊಂಡದ್ದು ತಂಪಿಗಲ್ಲ, ಅಂಟು ಅದರ ಬಾಯನ್ನು ಹೊಲಿದುಬಿಟ್ಟಿತ್ತು. ಒಳಗೆ ಗಾಳಿಯಿಲ್ಲದೆ ಮಣ್ಣು ಉಸಿರುಕಟ್ಟುತ್ತಿತ್ತು. ಈಗ ದೊಡ್ಡ ಮಳೆಯೊಂದು ಬಿದ್ದರೆ ನೀರು ಒಳಗೂ ಹೋಗದೆ ಹೊರಗೂ ಹರಿಯದೆ ನಿಂತು, ಮೂರು ವರ್ಷ ಹಬ್ಬದಂತೆ ಬೆಳೆದ ನೆಲ ಕೊಳೆತು ರಾಡಿಯಾಗುತ್ತಿತ್ತು. ಆ ರಾಡಿಯಲ್ಲಿ ಮತ್ತೆ ಜೋಳ ಬೆಳೆಯಲು ಅವಳ ಆಯುಷ್ಯ ಸಾಲುತ್ತಿರಲಿಲ್ಲ. ಹವಾಮಾನದವರು ಬಂಗಾಳಕೊಲ್ಲಿಯಲ್ಲಿ ಆಗಲೇ ಒಂದು ಸುಳಿ ತೋರಿಸುತ್ತಿದ್ದರು. ಸ್ವಾತಿ ಮಳೆಯ ಹೊತ್ತಿಗೆ ಅದು ಇಲ್ಲಿಗೆ ಬರುವುದಿತ್ತು. ನೀಲಾಂಬಿಕೆ ಆ ಹೊಲದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಿಟ್ಟಳು. ಅವಳಿಗೆ ಹೆದರಿಕೆಯಾಯಿತು, ಮೂರು ವರ್ಷ ತಾನೇ ಈ ನೆಲಕ್ಕೆ ತುತ್ತಿಟ್ಟು ಕತ್ತು ಹಿಸುಕಿದೆನೆನಿಸಿತು.

ಉಳಿದಿದ್ದ ಉಪಾಯ ಒಂದೇ: ಉಪವಾಸ. ಹಾಲಿನಂಶ ನಿಂತರೆ ಅಂಟವ್ವ ಮೊದಲು ತಾನು ಬಿಟ್ಟ ಅಂಟನ್ನೇ ತಿನ್ನುತ್ತಾಳೆ, ನೆಲದ ಹೊಲಿಗೆ ಬಿಚ್ಚುತ್ತದೆ, ಅದು ಮುಗಿದ ಮೇಲೆ ತಾನೂ ಸಾಯುತ್ತಾಳೆ. ಹತ್ತು ದಿನ ಹಿಡಿಯುತ್ತದೆ. ಆದರೆ ನಡುವೆ ಒಂದು ಹನಿ ಬಿದ್ದರೂ ಕೆಲಸ ಕೆಟ್ಟಿತು. ಅರೆಹೊಟ್ಟೆಯಲ್ಲಿ ಬದುಕಿ ಉಳಿದವು ಗಟ್ಟಿಜೀವಗಳು; ಅವಕ್ಕೆ ಉಣ್ಣಲಿಟ್ಟರೆ ಅವೇ ಮರಿ ಹಾಕಿ ನೆಲ ತುಂಬುತ್ತವೆ, ಆಮೇಲೆ ಯಾವ ಉಪವಾಸಕ್ಕೂ ಅವು ಬಗ್ಗುವುದಿಲ್ಲ. ಎರಡನೆಯ ಅವಕಾಶವೆಂಬುದೇ ಇರಲಿಲ್ಲ.

ಒಕ್ಕೂಟದ ಅಧ್ಯಕ್ಷ ಅಂದಾನೆಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಒಳ್ಳೆಯ ಮನುಷ್ಯ, ಸ್ವಲ್ಪ ಮೆರವಣಿಗೆಯ ಹುಚ್ಚು. ಬೆರಳು ಮಡಚಿ ದಿನ ಎಣಿಸಿದವನು ನಡುವೆ ನಿಲ್ಲಿಸಿ ಮುಖ ಸಣ್ಣದು ಮಾಡಿದ.

“ತಂಗಿ, ನಡುವ ಸೀಗಿ ಹುಣ್ಣಿವಿ ಬರತೈತಲ್ಲ.”

ನೀಲಾಂಬಿಕೆಗೂ ಅದು ಗೊತ್ತಿತ್ತು. ಬೆಳೆ ಹೊತ್ತ ನೆಲ ಅಂದು ಬಸುರಿ. ಬಸುರಿಗೆ ಬಯಕೆಯೂಟ ಮಾಡಿಸುವಂತೆ ಮನೆಮನೆಯಲ್ಲೂ ಕಡುಬು, ಹೋಳಿಗೆ, ಪುಂಡಿಪಲ್ಯ, ಎಣಗಾಯಿ, ಮೊಸರನ್ನ, ಜೋಳದ ಬಾನ ಮಾಡಿ, ಹೊಲದ ತುಂಬ ಕೂಗು ಹಾಕುತ್ತ ಚೆಲ್ಲಿ ಬರುವುದೇ ಚರಗ. ಹೊಲಗಳು ಒಂದಾದ ಮೇಲೆ ಅಷ್ಟಗಲ ನಡೆಯುವವರಾರು? ಅಂದಾನೆಪ್ಪ ಅದಕ್ಕೂ ಒಂದು ದಾರಿ ಕಂಡುಹಿಡಿದಿದ್ದ. ಒಕ್ಕೂಟದ ಅಡುಗೆಮನೆಯಲ್ಲಿ ಚರಗ ಬೇಯಿಸಿ, ತೆಳ್ಳಗೆ ಕಲಸಿ, ಆರು ಡ್ರೋನುಗಳಲ್ಲಿ ತುಂಬಿ ಆಕಾಶದಿಂದ ಸಿಂಪಡಿಸುವುದು. ಡೊಳ್ಳು ಬಾರಿಸಿ, ಬಟನ್ನು ತಾನೇ ಒತ್ತುತ್ತಿದ್ದ. ಭೂತಾಯಿಗೆ ಇಷ್ಟು ದೊಡ್ಡ ಪಂಕ್ತಿ ಬಡಿಸಿದವನು ತಾನೊಬ್ಬನೇ ಎಂಬ ಹೆಮ್ಮೆ ಅವನಿಗೆ.

“ಈ ವರ್ಷ ಚರಗ ಬ್ಯಾಡ್ರಿ ಕಾಕಾರ.”

“ನಾ ಬ್ಯಾಡ ಅನ್ನಬಹುದು. ಮನ್ಯಾಗಿನ ಹೆಣ್ಮಕ್ಕಳು ಕೇಳ್ತಾರೇನ? ಬಸುರೀನ ಬಯಕಿ ದಿನಾನ ಉಪವಾಸ ಕೆಡವ್ಯಾರಂತ ಕದ್ದು ಒಯ್ದು ಮೊಸರು ಸುರೀತಾರ. ಎಷ್ಟು ಮಂದೀನ ಕಾಯ್ತೀ?”

ಮಾತು ನಿಜವಿತ್ತು. ಕದ್ದು ಸುರಿದ ನೂರು ಗಡಿಗೆಗಿಂತ ಕಣ್ಣೆದುರಿಗಿನ ಆರು ಡ್ರೋನು ಮೇಲು ಎಂದು ನೀಲಾಂಬಿಕೆ ಲೆಕ್ಕ ಹಾಕಿದಳು. ಕೈಯಿಂದ ಯಾರೂ ಚೆಲ್ಲಕೂಡದು, ಡ್ರೋನಿನ ಚರಗವೇ ಎಲ್ಲರ ಚರಗ, ಅದರಲ್ಲಿ ಹಾಲಿನ ಸೋಂಕಿರಬಾರದು, ಮನೆಯ ಹಬ್ಬದಡುಗೆಗೂ ಅದೇ ಪಥ್ಯ ಎಂದು ಒಪ್ಪಿಗೆಯಾಯಿತು.

“ಏನೇನು ಹಾಕಬಾರದು ಹೇಳಿಬಿಡು, ಅಡಿಗಿಯವರಿಗೆ ನಾನಽ ಹೇಳತೇನಿ.”

“ಹಾಲು ಬ್ಯಾಡ, ಮೊಸರು ಬ್ಯಾಡ, ಬೆಣ್ಣಿ ಬ್ಯಾಡ, ತುಪ್ಪ ಬ್ಯಾಡ,” ಎಂದು ನೀಲಾಂಬಿಕೆ ಒಂದೊಂದಾಗಿ ಹೇಳಿದಳು. ಅಂದಾನೆಪ್ಪ ಅದನ್ನೇ ಮಂತ್ರದಂತೆ ಒಪ್ಪಿಸಿದ. ಹಾಲಿನ ನಲ್ಲಿಗಳನ್ನು ಅಂದೇ ತಿರುವಿದರು.

ನೀಲಾಂಬಿಕೆ ಮತ್ತು ಅವಳ ತಾಯಿ ಗುರಸಿದ್ದವ್ವ ಮಲ್ಲಗುಪ್ಪಿಯಲ್ಲಿ ಒಂದೇ ಮನೆಯಲ್ಲಿದ್ದರು. ಮಗಳ ಮದುವೆಯ ಮಾತೆತ್ತುವುದನ್ನು ಗುರಸಿದ್ದವ್ವ ಯಾವಾಗಲೋ ಬಿಟ್ಟಿದ್ದಳು, ತನ್ನ ಹೊಲದ ಮಾತೆತ್ತುವುದನ್ನು ಮಾತ್ರ ಬಿಟ್ಟಿರಲಿಲ್ಲ. ಗಂಡ ತೀರಿಕೊಂಡಾಗ ಮೈದುನರು ನುಂಗಿ ನೀರು ಕುಡಿದಿದ್ದ ಹೊಲವನ್ನು ಕೋರ್ಟು ಕಚೇರಿ ಅಲೆದು ಬಿಡಿಸಿಕೊಂಡಿದ್ದಳು. ಬಿಡಿಸಿಕೊಂಡಾಗ ಅದರ ತುಂಬ ಕರಿಕೆ ಹುಲ್ಲು. ಎರೆನೆಲದ ಕರಿಕೆ ಆಳು ಮಟ್ಟ ಇಳಿದು ಕೂತಿರುತ್ತದೆ. ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಅವಳು ಸೆರಗು ಕಟ್ಟಿ, ಗುದ್ದಲಿ ಹಿಡಿದು, ಮಾರು ಮಾರಾಗಿ ಅದನ್ನು ಅಗೆದು ತೆಗೆದಿದ್ದಳು. ಅದೇ ದಿಬ್ಬದ ಹೊಲ. ಒಕ್ಕೂಟಕ್ಕೆ ಸೇರಿದ ಮೇಲೂ ದಿನಾ ಒಮ್ಮೆ ಹೋಗಿ, ಮಾಡಲು ಕೆಲಸವಿಲ್ಲದಿದ್ದರೂ ಸುತ್ತು ಹಾಕಿ ಬರುತ್ತಿದ್ದಳು.

“ಉಪವಾಸ ಅಂದ್ರ ನೆಲಕ್ಕೋ, ಅಂಟವ್ವಗೋ?” ಎಂದು ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು.

“ಅಂಟವ್ವಗ, ಬೇ. ನೆಲಕ್ಕ ಉಸಿರು ಬರತೈತಿ.”

“ಖರೇನ?”

“ಖರೇನ.”

“ಹಂಗಿದ್ರ ಕೈಯಾರೆ ಚರಗ ಚೆಲ್ಲೂದಿಲ್ಲ. ಓಣ್ಯಾಗಿನವರಿಗೂ ಹೇಳತೇನಿ. ಆದ್ರ ಮನ್ಯಾಗ ಅಡಿಗಿ ಮಾಡೂದು ಬಿಡೂದಿಲ್ಲ ನೋಡು, ದೇವರ ಮುಂದಾದ್ರೂ ಇಡಬೇಕು.” ಹೇಳಿದಂತೆ ಮಾಡಿದಳು ಕೂಡ. ಗುರಸಿದ್ದವ್ವ ಓಣಿಯಲ್ಲಿ ಹೇಳಿದರೆ ಅದು ಕಾಯಿದೆ.

ಉಪವಾಸದ ಮೊದಲ ನಾಲ್ಕು ದಿನ ನಾಡಿಕೋಣೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಐದನೆಯ ದಿನ ಪರದೆಯ ಹಳದಿ ಸಣ್ಣಗೆ ಮಸುಕಾಯಿತು. ನೀಲಾಂಬಿಕೆ ಹೊಲಕ್ಕೆ ಓಡಿ ತಂಬಿಗೆ ನೀರು ಸುರುವಿದಳು. ನೀರು ತುಸು ಹೊತ್ತು ನಿಂತು, ಗುಳುಕ್ಕೆಂದು ಒಂದು ಗುಳ್ಳೆ ಬಿಟ್ಟು ಒಳಗಿಳಿಯಿತು. ಅವಳ ಕಣ್ಣಲ್ಲಿ ನೀರು ಬಂತು. ಜೋಳ ಸೊರಗಿತ್ತು, ಎಲೆಯ ತುದಿ ಕೆಂಪಾಗಿತ್ತು. ಅದೆಲ್ಲ ಆಮೇಲೆ ನೋಡಿಕೊಂಡರಾಯಿತು. ನೆಲ ಉಸಿರಾಡುತ್ತಿತ್ತು.

ಮರುದಿನವೇ ಸೀಗೆ ಹುಣ್ಣಿಮೆ.

ಬೆಳಗ್ಗೆ ನಾಡಿಕೋಣೆಗೆ ಹೊರಡುವ ಮುಂಚೆ ಚಹಾ ಕುಡಿಯಲು ನೀಲಾಂಬಿಕೆ ಅಡುಗೆಮನೆಗೆ ಬಂದಳು. ಗುರಸಿದ್ದವ್ವ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ಒಲೆಯ ಮುಂದಿದ್ದಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ತಂಬಿಗೆ. ಕುದಿಯುವ ಜೋಳದ ನುಚ್ಚಿಗೆ ತಂಬಿಗೆಯಿಂದ ಬೆಳ್ಳಗೆ ಏನೋ ಸುರಿಯುತ್ತಿದ್ದಳು.

“ಏನದು ಬೇ?”

“ಬಾನ.”

“ತಂಬಿಗ್ಯಾಗ ಏನೈತಿ?”

“ಮಜ್ಜಿಗಿ. ಮಜ್ಜಿಗಿ ಇಲ್ಲದ ಬಾನ ಹೆಂಗ ಆಗತೈತಿ?”

ನೀಲಾಂಬಿಕೆ ಚಹಾದ ಬಟ್ಟಲು ಕೆಳಗಿಟ್ಟಳು. “ಹಾಲಿನದು ಏನೂ ಹಾಕಬ್ಯಾಡ ಅಂದಿದ್ನಲ್ಲ!”

“ಹಾಲು ಎಲ್ಲಿ ಹಾಕೇನಿ?” ಗುರಸಿದ್ದವ್ವ ನಿಜವಾಗಿಯೂ ಆಶ್ಚರ್ಯಪಟ್ಟಳು. “ಮೊಸರನ್ನ ಮಾಡಿಲ್ಲ, ತುಪ್ಪ ಮುಟ್ಟಿಲ್ಲ. ಮಜ್ಜಿಗಿ ಅಂದ್ರ ನೀರಲ್ಲೇನು?”

ಆ ಸೀಮೆಯಲ್ಲಿ ಮಜ್ಜಿಗೆಯನ್ನು ಯಾರೂ ಹಾಲಿನ ಜಾತಿಗೆ ಸೇರಿಸುವುದಿಲ್ಲ. ಬಾಯಾರಿ ಬಂದವರಿಗೆ ಕೊಡುವುದು, ನುಚ್ಚಿಗೆ ಹಾಕುವುದು, ಹೆಚ್ಚಾದರೆ ಕರಿಬೇವಿನ ಗಿಡಕ್ಕೆ ಹೊಯ್ಯುವುದು. ನೀರು ಎಂದರೆ ಮಜ್ಜಿಗೆಯೂ ಬಂತು. ನೀಲಾಂಬಿಕೆ ಅದೇ ಅಡುಗೆಮನೆಯಲ್ಲಿ ಬೆಳೆದವಳು. ಹಾಲು, ಮೊಸರು, ಬೆಣ್ಣೆ, ತುಪ್ಪ ಎಂದು ಹೇಳುವಾಗ ಅವಳಿಗೂ ಮಜ್ಜಿಗೆ ಹೊಳೆದಿರಲಿಲ್ಲ. ಹಾಲಿನ ಸಕ್ಕರೆಯ ಬಗ್ಗೆ ಇಡೀ ರಾತ್ರಿ ಭಾಷಣ ಮಾಡಬಲ್ಲವಳಿಗೆ ಮಜ್ಜಿಗೆ ನೀರಾಗಿಯೇ ಉಳಿದಿತ್ತು. ಒಕ್ಕೂಟದ ಅಡುಗೆಮನೆಯಲ್ಲಿ ಬೆಂದ ಬಾನಕ್ಕೂ ಆ ನೀರೇ ಬಿದ್ದಿರುತ್ತದೆ.

ಅಂದಾನೆಪ್ಪನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಕಿವಿಗೊಟ್ಟರೆ ಒಕ್ಕೂಟದ ಕಡೆಯಿಂದ ಡೊಳ್ಳು ಕೇಳುತ್ತಿತ್ತು. ಸ್ಕೂಟರು ಹತ್ತಿದವಳು ಊರ ಅಗಸಿಬಾಗಿಲು ದಾಟುವಷ್ಟರಲ್ಲಿ ತಲೆಯ ಮೇಲೆ ಆರೂ ಡ್ರೋನುಗಳು ಗುಂಯ್ಗುಡುತ್ತ ಹಾದುಹೋದವು. ಅವುಗಳ ಕೆಳಗಿನ ಕೊಪ್ಪರಿಗೆಯಂಥ ಟಾಕಿಗಳಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದರು.

“ತಿರುಗಿ ಕರಿ! ಎಲ್ಲಾ ತಿರುಗಿ ಕರಿ!” ಎನ್ನುತ್ತಲೇ ನಾಡಿಕೋಣೆಯ ಬಾಗಿಲು ನೂಕಿದಳು.

ದಾವಲಸಾಬ ಕಾರಣ ಕೇಳಲಿಲ್ಲ. ಚರಗದ ಆದೇಶ ರದ್ದು ಮಾಡಿದ. ಪರದೆಯಲ್ಲಿ ಆರು ಬಿಳಿ ಚುಕ್ಕೆಗಳು ಗಕ್ಕನೆ ನಿಂತು, ಗಾಳಿಯಲ್ಲಿ ಜೋತುಬಿದ್ದವು. “ನಿಂತಾವ್ರಿ. ಆದ್ರ ಇಳಸಾಕ ಆಗೂದಿಲ್ಲ. ತುಂಬಿದ ಟಾಕಿ ಇಟ್ಟುಕೊಂಡು ಇಳದ್ರ ಕಾಲು ಮುರೀತಾವ, ಬ್ಯಾಟರಿಗೆ ಬೆಂಕಿ ಹತ್ತತೈತಿ. ಕೆಳಗ ಮಂದಿ ನಿಂತೈತಿ. ಖಾಲಿ ಆಗೂತನಕ ಅವು ಇಳಿಯೂದಽ ಇಲ್ಲ, ಹಂಗ ಮಾಡೇವಿ.”

“ಎಷ್ಟೊತ್ತು ಹಾರತಾವ?”

“ಭಾರ ಭಾಳ ಐತ್ರಿ. ಕಾಲು ತಾಸು ಅಂದ್ರ ಹೆಚ್ಚು. ಆಮ್ಯಾಲೆ ತಾವಽ ಎಲ್ಲಿ ಬೇಕಲ್ಲಿ ಬೀಳತಾವ.”

ಅಷ್ಟರಲ್ಲಿ ಅಂದಾನೆಪ್ಪ ಹಣೆಗೆ ಕುಂಕುಮ, ಹೆಗಲಿಗೆ ಶಾಲು ಹಾಕಿಕೊಂಡೇ ಏದುಸಿರು ಬಿಡುತ್ತ ಬಂದ. “ಯಾಕ ನಿಲ್ಲಿಸಿದ್ರಿ? ಎಲ್ಲಾ ಬರೋಬರಿ ಮಾಡಿಸೇನಿ ತಂಗಿ. ಹಾಲು ಇಲ್ಲ, ಮೊಸರು ಇಲ್ಲ…”

“ಬಾನಕ್ಕ ಏನು ಹಾಕ್ಸೀರಿ?”

“ಮಜ್ಜಿಗಿ…” ಎಂದ ಅಂದಾನೆಪ್ಪ. ಹೆಗಲಿನ ಶಾಲು ತೆಗೆದು ಕೈಯಲ್ಲಿ ಹಿಡಿದ.

ಎಲ್ಲಾದರೂ ಸುರಿಯಲೇಬೇಕು. ಹಳ್ಳದಲ್ಲಿ ಸುರಿದರೆ ನೀರು ಅದನ್ನು ಇಡೀ ಸೀಮೆಗೆ ಹಂಚುತ್ತದೆ. ಊರ ಮೇಲೆ, ರಸ್ತೆಯ ಮೇಲೆ ಸುರಿದರೂ ಚರಂಡಿ ಹಿಡಿದು ಅದು ಸೇರುವುದು ಹೊಲಕ್ಕೇ. ಒಂದು ತುಂಡು ನೆಲದ ಮೇಲೆ ಆರೂ ಟಾಕಿ ಸುರಿದು, ಸುತ್ತ ಕಂದಕ ತೋಡಿ, ಆ ತುಂಡನ್ನು ಕೊಲ್ಲಬೇಕು. ಆಳದವರೆಗೆ ಸುಟ್ಟ ಸುಣ್ಣ ಹಾಕಿ ಬೇಯಿಸಬೇಕು. ಅಲ್ಲಿ ಅಂಟವ್ವ ಸಾಯುತ್ತಾಳೆ, ಅವಳ ಜೊತೆಗೆ ಉಳಿದೆಲ್ಲವೂ ಸಾಯುತ್ತದೆ. ಹುಲ್ಲು ಕೂಡ ಹುಟ್ಟಲು ಒಂದು ತಲೆಮಾರು ಬೇಕು.

ಬೇರೆ ಕಡೆಯ ನೀರು ಬಂದು ಹಾದುಹೋಗದ ಎತ್ತರದ ನೆಲವೇ ಆಗಬೇಕಿತ್ತು. ಅಂಥವು ನಕ್ಷೆಯಲ್ಲಿ ಎರಡೇ ಇದ್ದವು. ಒಂದು ಮೇಲಿನ ಪಟ್ಟಿ, ಎಕರೆ ಎರಡೆಕರೆಯ ಹಿಡುವಳಿಗಳ ಜಾಗ. ಅದರಲ್ಲಿ ದಾವಲಸಾಬನ ಅಪ್ಪನ ಹೊಲವೂ ಇತ್ತು. ಇನ್ನೊಂದು ದಿಬ್ಬದ ಹೊಲ. ದಾವಲಸಾಬ ಎರಡನ್ನೂ ಪರದೆಯ ಮೇಲೆ ಬೆಳಗಿಸಿ ತೋರಿಸಿದ. ಅಪ್ಪನ ಹೊಲದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ನೀಲಾಂಬಿಕೆಯ ಮನಸ್ಸು ಗಡಿಯಾರಕ್ಕಿಂತ ಜೋರಾಗಿ ಓಡುತ್ತಿತ್ತು. ಉಪವಾಸ ಇನ್ನೂ ನಾಲ್ಕು ದಿನವಿತ್ತು. ಪರರ ಹೊಲ ಕೊಂದು ತನ್ನ ಹೊಲ ಉಳಿಸಿಕೊಂಡಳೆಂಬ ಮಾತು ಎದ್ದರೆ ಸಂಜೆಯೊಳಗೆ ಹನ್ನೆರಡು ಊರಿನಲ್ಲೂ ಮೊಸರಿನ ಗಡಿಗೆಗಳು ಹೊಲ ಸೇರುತ್ತವೆ. ತಪ್ಪು ಅವಳದು, ಏನೇನು ಹಾಕಬಾರದೆಂದು ಹೇಳಿದ್ದು ಅವಳು. ಆದರೆ ದಿಬ್ಬದ ಹೊಲ ಅವಳದಲ್ಲ. ಫೋನು ಕೈಯಲ್ಲೇ ಇತ್ತು. ಅವ್ವನ ಹೆಸರು ತೆಗೆದಳು. ತೆಗೆದು, ಹಾಗೇ ಮೇಜಿನ ಮೇಲೆ ಬೋರಲು ಹಾಕಿದಳು.

“ಬ್ಯಾಟರಿ ಕೆಂಪಾತ್ರಿ,” ಎಂದ ದಾವಲಸಾಬ. “ಯಾವ ಕಡೆ, ಅಕ್ಕಾರ?”

“ದಿಬ್ಬದ ಹೊಲಕ್ಕ.”

ಅವನು ಒಮ್ಮೆ ಅವಳ ಮುಖ ನೋಡಿದ. ಆಮೇಲೆ ಒತ್ತಿದ. ಆರು ಬಿಳಿ ಚುಕ್ಕೆಗಳು ಮಲ್ಲಗುಪ್ಪಿಯ ಕಡೆ ಸರಿದು, ಒಂದೇ ಜಾಗದಲ್ಲಿ ಮುತ್ತಿಕೊಂಡವು.

ನೀಲಾಂಬಿಕೆ ಹೊಲ ಮುಟ್ಟುವ ಮೊದಲೇ ಗುರಸಿದ್ದವ್ವ ಅಲ್ಲಿದ್ದಳು. ಸೊರಗಿದ ಜೋಳದ ಮೇಲೆ ಬೆಳ್ಳನೆಯ ಗಂಜಿ, ಕಡುಬಿನ ಚೂರು, ಚೆಂಡುಹೂವಿನ ಪಕಳೆ ಎಲ್ಲ ಕಲಸಿ ಬಿದ್ದಿತ್ತು. ಹುಳಿ ವಾಸನೆ ಗಾಳಿಗೇರಿತ್ತು. ಆಚೆ ರಸ್ತೆಯಲ್ಲಿ ಕಂದಕ ತೋಡುವ ಯಂತ್ರ, ಅದರ ಹಿಂದೆ ಸುಣ್ಣದ ಲಾರಿಗಳು ಬಂದು ನಿಲ್ಲುತ್ತಿದ್ದವು. ದಾವಲಸಾಬ ಅವುಗಳ ಮುಂದೆ ನಿಂತಿದ್ದ. ಅಂದಾನೆಪ್ಪ ಶಾಲನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದು, ಹತ್ತಿರ ಬರುವ ಧೈರ್ಯವಿಲ್ಲದೆ ದೂರವೇ ಉಳಿದಿದ್ದ.

ನೀಲಾಂಬಿಕೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಮುಗಿದ ಮೇಲೆ ಗುರಸಿದ್ದವ್ವ ಕೇಳಿದಳು.

“ಯಾರ ಹೊಲ ಅಂತ ನೋಡಿ ಒತ್ತಿಸಿದ್ಯೋ, ನೋಡದಽ ಒತ್ತಿಸಿದ್ಯೋ?”

“ನೋಡೇ ಒತ್ತಿಸಿದೆ.”

“ಫೋನು ನನ್ನ ಸೊಂಟದಾಗಽ ಇತ್ತು.”

“ಹೌದು ಬೇ.”

“ಯಾಕ ಕೇಳಲಿಲ್ಲ?”

ನೀಲಾಂಬಿಕೆಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಬ್ಯಾಡ ಅಂತಿದ್ದಿ ಅಂತ.”

“ಅಂತಿದ್ನಿ,” ಎಂದಳು ಗುರಸಿದ್ದವ್ವ. “ಖರೇನ ಅಂತಿದ್ನಿ. ಮ್ಯಾಲಿನ ಪಟ್ಟಿಗೆ ಸುರುವು, ಯಾರರ ಹಾಳಾಗಿ ಹೋಗಲಿ, ನನ್ನ ಹೊಲ ಮುಟ್ಟಬ್ಯಾಡ ಅಂತಿದ್ನಿ. ಆದ್ರೂ ಕೇಳಬೇಕಾಗಿತ್ತು. ಇದು ನಿನ್ನ ಹೊಲ ಅಲ್ಲ, ನನ್ನ ಹೊಲ. ನನ್ನ ಬಾಯಿಲೆ ಬ್ಯಾಡ ಅನ್ನಿಸಿಕೊಂಡು ಆಮ್ಯಾಲೆ ಒತ್ತಿಸಬೇಕಾಗಿತ್ತು.”

ಮಗಳು ತಲೆ ತಗ್ಗಿಸಿದಳು. ಅವಳಿಗೆ ಅಳು ಒತ್ತರಿಸಿ ಬರುತ್ತಿತ್ತು, ಆದರೆ ಅವ್ವ ಅಳದಿರುವಾಗ ತಾನು ಅಳುವುದು ಹೇಗೆ? ಗುರಸಿದ್ದವ್ವ ಬಗ್ಗಿ ಒಂದು ಹೆಂಟೆ ಎತ್ತಿ ಒಡೆದಳು. ಒಳಗೆ ಮಣ್ಣು ಸಡಿಲವಾಗಿ ಉದುರಿತು. ಐದು ದಿನದ ಉಪವಾಸ ಇಲ್ಲಿಯೂ ಫಲ ಕೊಟ್ಟಿತ್ತು. ಆ ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು.

“ಸುಣ್ಣ ಯಾವಾಗ?”

“ಈಗಽ ಹಾಕಬೇಕು. ಬಹಳ ಅಂದ್ರ ಸಂಜಿ ತನಕ ತಡೀಬಹುದು.”

“ಇದಕ್ಕ ಇನ್ನ ಪಥ್ಯ ಇಲ್ಲಲ್ಲ? ಹಾಲು ಬಿದ್ರೂ ಅಷ್ಟ, ಮೊಸರು ಬಿದ್ರೂ ಅಷ್ಟ?”

ನೀಲಾಂಬಿಕೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. “ಅಷ್ಟ,” ಎಂದಳು. “ಆದ್ರ ಒಳಗ ಬಂದವರ ಕಾಲಾಗಿನ ಮಣ್ಣು ಹೊರಗ ಹೋಗಬಾರದು. ಚಪ್ಪಲಿ ಹೊರಗ ಬಿಡಬೇಕು. ಹೋಗುವಾಗ ಸುಣ್ಣದ ತಿಳಿನೀರಾಗ ಕಾಲಿಡಬೇಕು.”

“ಚರಗಕ್ಕ ಯಾರು ಚಪ್ಪಲಿ ಹಾಕ್ಕೊಂಡು ಬರತಾರ?” ಎಂದು ಗುರಸಿದ್ದವ್ವ ಸೆರಗು ಸರಿಪಡಿಸಿಕೊಂಡು ಊರ ಕಡೆ ನಡೆದಳು.

ಹೊತ್ತು ನೆತ್ತಿಯಿಂದ ಇಳಿಯುವ ಹೊತ್ತಿಗೆ ದಿಬ್ಬದ ದಾರಿಯಲ್ಲಿ ಹೆಂಗಸರು ಕಾಣಿಸಿಕೊಂಡರು. ಮೊದಲು ಮಲ್ಲಗುಪ್ಪಿಯವರು, ಅವರ ಹಿಂದೆ ಪಕ್ಕದ ಊರಿನವರು, ಆಮೇಲೆ ಟ್ರಾಕ್ಟರುಗಳಲ್ಲಿ ದೂರದವರು. ಮೇಲಿನ ಪಟ್ಟಿಯ ಮನೆಗಳಿಂದ ಒಬ್ಬರೂ ತಪ್ಪಿರಲಿಲ್ಲ. ದಾವಲಸಾಬನ ತಾಯಿಯೂ ತಲೆಯ ಮೇಲೆ ಸೆರಗು ಹೊದ್ದು, ಪಾಯಸದ ಡಬ್ಬಿ ಹಿಡಿದು ಬಂದಿದ್ದಳು. ತಮ್ಮ ತಮ್ಮ ಹೊಲಕ್ಕೆ ಚೆಲ್ಲಲಾರದ ಚರಗವನ್ನು ಎಲ್ಲರೂ ಬುಟ್ಟಿಗಳಲ್ಲಿ ಹೊತ್ತು ತಂದಿದ್ದರು. ಮಜ್ಜಿಗೆಯ ಬಾನವಿತ್ತು, ಮಾಡಬೇಡವೆಂದಿದ್ದ ಮೊಸರನ್ನವೂ ಎಷ್ಟೋ ಬುಟ್ಟಿಗಳಲ್ಲಿತ್ತು, ಹೋಳಿಗೆಯ ಮೇಲೆ ತುಪ್ಪವೂ ಇತ್ತು. ಬದುವಿಲ್ಲದ ಸೀಮೆಯಲ್ಲಿ ದಾವಲಸಾಬ ಸುಣ್ಣದಿಂದ ಎಳೆದ ಗೆರೆಯ ಬಳಿ ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಒಳಗೆ ಬಂದರು. ಯಾರೂ ಗುರಸಿದ್ದವ್ವನಿಗೆ ಸಮಾಧಾನ ಹೇಳಲು ಹೋಗಲಿಲ್ಲ.

ಗುರಸಿದ್ದವ್ವ ತನ್ನ ಬುಟ್ಟಿಯಿಂದ ಮೊದಲ ಹಿಡಿ ಎತ್ತಿ, ಗಂಟಲು ಬಿಚ್ಚಿ ಚರಗದ ಕೂಗು ಹಾಕಿದಳು: “ಹುಲ್ಲುಲ್ಲಿಗೋ!”

“ಚಲ್ಲಾಂಬರಿಗೋ!” ಎಂದು ಹೊಲದ ತುಂಬ ಉತ್ತರ ಬಂತು.

ಅಷ್ಟು ಜನರ ಕೂಗು ಆ ಒಂದು ತುಂಡು ನೆಲದಲ್ಲಿ ಹಿಡಿಸುತ್ತಿರಲಿಲ್ಲ. ಕಡುಬು, ಪಲ್ಯ, ಅನ್ನ, ಬಾನ ಹಿಡಿಹಿಡಿಯಾಗಿ ಬಿದ್ದವು. ನೀಲಾಂಬಿಕೆ ಗೆರೆಯಾಚೆಯೇ ನಿಂತಿದ್ದಳು. ಗುರಸಿದ್ದವ್ವ ಅವಳ ಬಳಿ ಬಂದು ಬುಟ್ಟಿ ಮುಂದೆ ಮಾಡಿದಳು. ಮುಖದಲ್ಲಿ ಸಿಟ್ಟು ಇಳಿದಿರಲಿಲ್ಲ. ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದು, ಬುಟ್ಟಿಯಲ್ಲಿ ಕೈ ಹಾಕಿ, ಒಂದು ಹಿಡಿ ಬಾನ ತೆಗೆದು ಚೆಲ್ಲಿದಳು. ಕೂಗಲು ಹೋದಾಗ ದನಿ ಹೊರಡಲಿಲ್ಲ. ಅವ್ವನೇ ಅವಳ ಪಾಲಿನ ಕೂಗನ್ನೂ ಕೂಗಿದಳು.

ಬುಟ್ಟಿಗಳು ಖಾಲಿಯಾದವು. ಹೆಂಗಸರು ಸಾಲಾಗಿ ಬಂದು ಸುಣ್ಣದ ನೀರಿನಲ್ಲಿ ಕಾಲಿಟ್ಟು, ಬೆಳ್ಳಗಾದ ಪಾದಗಳಲ್ಲಿ ರಸ್ತೆಗಿಳಿದರು. ಕೊನೆಗೆ ಉಳಿದವಳು ಗುರಸಿದ್ದವ್ವ. ಮೂಲೆಯಿಂದ ಮೂಲೆಗೆ ಎಂದಿನಂತೆ ಒಂದು ಸುತ್ತು ಹಾಕಿದಳು. ದಾರಿಯಲ್ಲಿ ಎಲ್ಲೋ ಬಗ್ಗಿ, ಕಣ್ಣಿಗೆ ಬಿದ್ದ ಕರಿಕೆಯ ಒಂದು ಎಳೆಯನ್ನು ಕಿತ್ತು ಒಗೆದಳು. ಗೆರೆಯ ಬಳಿ ಬಂದು ಎರಡೂ ಕಾಲನ್ನು ಸುಣ್ಣದ ನೀರಿನಲ್ಲಿಟ್ಟಳು. ಬಿರುಕುಬಿದ್ದ ಹಿಮ್ಮಡಿ ಉರಿದಿರಬೇಕು, ಹಲ್ಲು ಕಚ್ಚಿದಳು.

ಲಾರಿಯವರು ಅವಳನ್ನೇ ನೋಡುತ್ತ ಕಾಯುತ್ತಿದ್ದರು. ಅವಳು ಹೊಲಕ್ಕೆ ಬೆನ್ನು ಮಾಡಿ ನಿಂತು, ಮಗಳ ಕೈಗೆ ಖಾಲಿ ಬುಟ್ಟಿ ಕೊಟ್ಟು, ಗಟ್ಟಿಯಾಗಿ ಹೇಳಿದಳು:

“ಈಗ ಹಾಕ್ರಿ.”